ಮೂರು ಬಾಟ್ಲಿ ನೀರು: ಗಡಿನಾಡಿನ ಒಬ್ಬ ಹುಡುಗನ ಪ್ರಕರಣ

ಈ ಹುಡುಗನಿಗೂ ಅವನ ಅಪ್ಪ ಅಮ್ಮನಿಗೂ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ಊರು, ವಯಸ್ಸು, ಮನೆಯವರ ಕೆಲಸ, ಕೆಲವು ಘಟನೆಗಳ ಕ್ರಮ ಬದಲಾಗಿವೆ. ಯಾರ ಹೆಸರೂ ಇಲ್ಲ. ನಾನು ಮೊದಲು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಿವೃತ್ತಿಯಾದ ಮೇಲೆ, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೊತೆ ಮನೆಮನೆಗೆ ಹೋಗುತ್ತೇನೆ. ಊರಿನವರಿಗೆ ಈಗಲೂ 'ಟೀಚರ್'.

ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ನಮ್ಮಲ್ಲಿ ಸೇವೆಗಳೇ ಇಲ್ಲ ಅಂತ ಹೇಳುವವರು ಜಾಸ್ತಿ. ಈ ಹುಡುಗನ ಸುತ್ತ ಆರು ಮಂದಿ ಇದ್ದರು. ಆರು ಮಂದಿಯೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಆದರೂ ತುಂಬ ದಿನ ಅವನಿಗೆ ಏನಾಗಿದೆ ಅಂತ ಯಾರಿಗೂ ತಿಳಿಯಲಿಲ್ಲ.

ಮನೆ

ಕಾಸರಗೋಡು ಜಿಲ್ಲೆಯ ಪೂರ್ವದ ಅಂಚು. ಗುಡ್ಡದ ಮೇಲೆ ಗೇರು ತೋಟ, ಕೆಳಗೆ ಅಡಿಕೆ. ಮನೆಯ ಹಿಂದೆ ಸುರಂಗ. ಸುರಂಗ ನೋಡದವರಿಗೆ ಹೇಳುತ್ತೇನೆ: ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ದಾರಿ. ಒಳಗೆ ಒಸರುವ ನೀರು ಹರಿದು ಬಂದು ಅಂಗಳದ ಟಾಂಕಿಗೆ ಬೀಳುತ್ತದೆ. ಕುಡಿಯಲು, ಅಡಿಗೆಗೆ, ದನಕ್ಕೆ, ಎಲ್ಲದಕ್ಕೂ ಅದೇ ನೀರು.

ಅಪ್ಪ ತೋಟದ ಕೂಲಿ. ಅಮ್ಮ ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಮನೆಮಾತು ತುಳು, ಶಾಲೆಯಲ್ಲಿ ಕನ್ನಡ, ಆಫೀಸಿಗೆ ಹೋದರೆ ಮಲಯಾಳ. ಹುಡುಗನಿಗೆ ಆಗ ಹದಿನೈದು, ಹತ್ತನೇ ಕ್ಲಾಸು. ಅವನಿಗಿಂತ ಒಂಬತ್ತು ವರ್ಷ ದೊಡ್ಡ ಅಕ್ಕ ಇದ್ದಾಳೆ. ಅವಳು ಎದ್ದು ಕೂರಲಾರಳು, ಮಾತಾಡಲಾರಳು. ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಅವಳ ಹೆಸರಿದೆ.

ಈ ಗುಡ್ಡಗಳ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ 2017ರಲ್ಲಿ ಕೇರಳ ಸರಕಾರಕ್ಕೆ ಆದೇಶ ಮಾಡಿತು. ಹುಡುಗ ಹುಟ್ಟಿದ್ದು ಸ್ಪ್ರೇ ನಿಂತ ಎಷ್ಟೋ ವರ್ಷದ ಮೇಲೆ. ಅವನ ಮೈಗೆ ಏನೂ ಆಗಿರಲಿಲ್ಲ.

ಅಕ್ಕನ ಕಾಗದಪತ್ರ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದ ತುಂಬ ಇತ್ತು. ಮೆಡಿಕಲ್ ಬೋರ್ಡ್, ಪೆನ್ಶನ್, ಸ್ಕ್ಯಾನ್. ತಮ್ಮನ ಹೆಸರಲ್ಲಿ ಒಂದು ಚೀಟಿಯೂ ಇರಲಿಲ್ಲ. ನಾನು ಎರಡು ವರ್ಷ ಆ ಮನೆಗೆ ಹೋಗಿ ಬಂದವಳು. ಹೋದಾಗೆಲ್ಲ ಅಕ್ಕನನ್ನು ಮಗ್ಗುಲು ತಿರುಗಿಸಲು ಕೈ ಕೊಡುವವನು ಅವನೇ. 'ಒಳ್ಳೆ ಹುಡುಗ' ಅಂತ ಹೊಗಳಿ ಬರುತ್ತಿದ್ದೆ. 'ನೀನು ಹೇಗಿದ್ದೀ?' ಅಂತ ಒಂದು ದಿನವೂ ಕೇಳಿರಲಿಲ್ಲ.

ತುಂಡು ತುಂಡು ಸುದ್ದಿ

ಓಣಂ ಪರೀಕ್ಷೆ ಮುಗಿದ ಮೇಲೆ ಶಾಲೆ ತಪ್ಪಿಸಲು ಶುರು ಮಾಡಿದ. ಹೊಟ್ಟೆನೋವು, ತಲೆಸುತ್ತು. ಆರೋಗ್ಯ ಕೇಂದ್ರದಲ್ಲಿ ಗ್ಯಾಸಿನ ಮಾತ್ರೆ ಕೊಟ್ಟರು. ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಿದರು, ಕೈಗೆ ನೂಲು ಬಂತು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಹಾಗೆ ಕೇಳಿಸುವಾಗಲಾದರೂ ಆ ಮನೆಯಲ್ಲಿ ಮೊದಲ ಸಲ ಅವನ ಹೆಸರು ಎತ್ತಿ ಮಾತಾಡಿದರು.

ಶಾಲೆಗೆ ವಾರಕ್ಕೆ ಎರಡು ದಿನ ಬರುವ ಕೌನ್ಸಿಲರ್ ಕೇರಳದ ತೆಂಕಿನ ಜಿಲ್ಲೆಯವರು. ಒಳ್ಳೆಯ ಹೆಂಗಸು. ಮೂರು ಸಲ ಅವನನ್ನು ಕೂರಿಸಿ ಮಾತಾಡಿಸಿದರು. ಅವರ ಪುಸ್ತಕದಲ್ಲಿ 'ಸಹಕರಿಸುತ್ತಿಲ್ಲ' ಅಂತ ಮಲಯಾಳದಲ್ಲಿ ಬರೆದಿತ್ತು. ಹುಡುಗನಿಗೆ ಅಂಗಡಿಗೆ, ಬಸ್ಸಿಗೆ ಸಾಕಾಗುವಷ್ಟು ಮಲಯಾಳ ಬರುತ್ತದೆ. ರಾತ್ರಿ ನಿದ್ದೆ ಬಾರದೆ ಏನೇನು ತಲೆಗೆ ಬರುತ್ತದೆ ಅಂತ ಹೇಳುವಷ್ಟು ಬರುವುದಿಲ್ಲ.

ಒಂದು ದಿನ ಅಕ್ಕನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಪಾಲಿಯೇಟಿವ್ ಸಿಸ್ಟರ್ ಜೊತೆ ನಾನು ಹೋಗಿದ್ದೆ. ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆಯೂ ಬಂದರು. ಜಗಲಿಯಲ್ಲಿ ಕೂತು ಸುಮ್ನೆ ಮಾತಾಡುತ್ತಿದ್ದೆವು. ಅವನ ಕ್ಲಾಸ್ ಟೀಚರ್ ನನ್ನ ಹಳೆಯ ವಿದ್ಯಾರ್ಥಿನಿ. ಹಿಂದಿನ ದಿನ ಪೇಟೆಯಲ್ಲಿ ಸಿಕ್ಕಾಗ ಅವಳು ಹೇಳಿದ್ದು ನೆನಪಾಯಿತು: ಹುಡುಗ ಶಾಲೆ ಬಿಡುವಾಗ ನಳ್ಳಿಯಿಂದ ಮೂರು ಬಾಟ್ಲಿ ನೀರು ತುಂಬಿಸಿಕೊಂಡು ಹೋಗುತ್ತಾನಂತೆ. ಇದನ್ನು ಹೇಳಿದ್ದೇ ತಡ, ಆಶಾ ಅಕ್ಕ, "ಮನೆಯಲ್ಲಿ ಅವನು ಚಾ ಮುಟ್ಟುವುದಿಲ್ಲ ಟೀಚರ್, ಗಂಜಿಯೂ ಬೇಡ ಅನ್ನುತ್ತಾನೆ, ಬಿಸ್ಕತ್ತು ಮಾತ್ರ" ಅಂದರು. ಸಿಸ್ಟರ್ ಅಕ್ಕನ ಹಾಸಿಗೆಯ ಪಕ್ಕ ತಲೆ ಎತ್ತಿದರು. "ಅವನ ಕೈ ನೋಡಿದ್ದೀರಾ? ತೊಳೆದೂ ತೊಳೆದೂ ಒಡೆದು ಹೋಗಿದೆ."

ಒಬ್ಬರಿಗೆ ಬಾಟ್ಲಿ ಗೊತ್ತಿತ್ತು, ಒಬ್ಬರಿಗೆ ಗಂಜಿ, ಒಬ್ಬರಿಗೆ ಕೈ, ಡಾಕ್ಟರಿಗೆ ಹೊಟ್ಟೆನೋವು. ಸುರಂಗದ ನೀರಿನಲ್ಲಿ ವಿಷ ಇದೆ ಅಂತ ಹುಡುಗ ನಂಬಿದ್ದ. ನೀರು ಕುಡಿಯದೆ ಹೊಟ್ಟೆ ಒಣಗಿ ನೋಯುತ್ತಿತ್ತು. ನೋವು ಬಂದಾಗಲೆಲ್ಲ 'ನೋಡು, ಶುರುವಾಯಿತು, ನಾನೂ ಅಕ್ಕನ ಹಾಗೆ ಆಗುತ್ತೇನೆ' ಅಂತ ಭಯ ಹೆಚ್ಚುತ್ತಿತ್ತು. ಅದು ಅವನ ಬಾಯಿಂದಲೇ ಬಂದದ್ದು ಆ ಸಂಜೆ, ದನದ ಹಟ್ಟಿಯ ಹಿಂದೆ, ತುಳುವಿನಲ್ಲಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಕಡೆ ತೋಟಕ್ಕೆ ಸಿಂಪಡಿಸುವುದಕ್ಕೂ 'ಮದ್ದು' ಅನ್ನುತ್ತೇವೆ, ಡಾಕ್ಟರು ಕೊಡುವುದಕ್ಕೂ 'ಮದ್ದು' ಅನ್ನುತ್ತೇವೆ. ಹೆಲಿಕಾಪ್ಟರಿನಲ್ಲಿ ಬಿಟ್ಟದ್ದೂ 'ಮದ್ದು'. ಗ್ಯಾಸಿನ ಮಾತ್ರೆಯನ್ನು ಅವನು ಯಾಕೆ ಹಟ್ಟಿಯ ಗೊಬ್ಬರಕ್ಕೆ ಎಸೆಯುತ್ತಿದ್ದ ಅಂತ ಆ ಮೇಲೆ ಅರ್ಥವಾಯಿತು.

ಆ ಸಂಜೆಯೇ ಅವನು ಇನ್ನೊಂದು ಮಾತು ಹೇಳಿದ: "ಹೀಗೆ ಬದುಕಿ ಎಂತ ಮಾಡುವುದು?" ಇಂಥ ಮಾತು ಕೇಳಿದರೆ ತಿರುಗಿಸಿ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ. ಕೇಳಿದೆ. ಸಾಯಬೇಕು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ, ಹೇಗೆ ಅಂತ ಯೋಚಿಸಿಲ್ಲ ಅಂದ. ಅಪ್ಪನಿಗೆ ತಿಳಿಸುತ್ತೇನೆ ಅಂತ ಅವನಿಗೆ ಹೇಳಿಯೇ ತಿಳಿಸಿದೆ. ಹಟ್ಟಿಯಲ್ಲಿದ್ದ ಕೀಟನಾಶಕದ ಡಬ್ಬಿಗಳನ್ನೆಲ್ಲ ಅಪ್ಪ ರಾತ್ರಿಯೇ ತೋಟದ ಧನಿಗಳ ಮನೆಗೆ ಸಾಗಿಸಿ ಬೀಗ ಹಾಕಿಸಿದರು. ಮನಸ್ಸಿನ ಕಷ್ಟಕ್ಕೆ ಫೋನು ಮಾಡುವ ಸರಕಾರದ ಸಹಾಯವಾಣಿ ಟೆಲಿಮಾನಸ್‌ನ ನಂಬರು 14416 ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು. ಅಲ್ಲಿ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಎರಡು ರಾತ್ರಿ ಅಪ್ಪ ಅವನ ಪಕ್ಕದಲ್ಲೇ ಮಲಗಿದರು.

ಮಂಗಳೂರು, ಮತ್ತೆ ಇಲ್ಲಿ

ನಮ್ಮವರಿಗೆ ಕಷ್ಟ ಬಂದರೆ ಮೊದಲು ಹೊಳೆಯುವುದು ಮಂಗಳೂರು. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್. ಅಲ್ಲಿನ ಮನೋವೈದ್ಯರು ತುಳುವಿನಲ್ಲೇ ಮಾತಾಡಿಸಿದರು. ಹುಡುಗ ಮುಕ್ಕಾಲು ಗಂಟೆ ಮಾತಾಡಿದ. ಗೀಳು ಕಾಯಿಲೆ (ಬೇಡವೆಂದರೂ ಒಂದೇ ಭಯ ಮತ್ತೆ ಮತ್ತೆ ಬರುವುದು, ಅದನ್ನು ತಣಿಸಲು ಮಾಡಿದ್ದನ್ನೇ ಮಾಡುವುದು), ಜೊತೆಗೆ ಖಿನ್ನತೆ ಅಂತ ಹೇಳಿದರು. ಮಾತ್ರೆ ಬರೆದರು. ಮಾತಿನ ಚಿಕಿತ್ಸೆಗೆ ವಾರಕ್ಕೊಮ್ಮೆ ಬರಬೇಕು ಅಂದರು.

ವಾರಕ್ಕೊಮ್ಮೆ ಅಂದರೆ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಬೇಕು, ಫೀಸು ಬೇಕು, ಅಕ್ಕನನ್ನು ನೋಡಿಕೊಳ್ಳಲು ಅಮ್ಮ ಬೀಡಿ ಬಿಟ್ಟು ಕೂರಬೇಕು. ಎರಡು ಸಲ ಹೋದರು, ಅಲ್ಲಿಗೆ ನಿಂತಿತು. ನನಗೆ ಇನ್ನೊಂದು ಹೆದರಿಕೆಯೂ ಇತ್ತು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟದ್ದನ್ನು ನಾವು ಮರೆತಿಲ್ಲ. ಒಂದು ಮಗುವಿನ ಪೂರ್ತಿ ಚಿಕಿತ್ಸೆಯನ್ನು ಗಡಿಯ ಆಚೆ ಇಡಬಾರದು ಅನ್ನಿಸಿತು.

ಹಾಗಾಗಿ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಕ್ಲಿನಿಕ್. ತಿಂಗಳಿಗೊಮ್ಮೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ, ಔಷಧಿ ಉಚಿತ. ಈ ಜಿಲ್ಲಾ ಯೋಜನೆಯ ಮೂಲ ನಮ್ಮ ಕನ್ನಡ ನೆಲದಲ್ಲೇ ಇದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ 1996ರಲ್ಲಿ ದೇಶದ ಯೋಜನೆ ಮಾಡಿದರು. ಬಳ್ಳಾರಿಯಿಂದ ಹೊರಟದ್ದು ಕಾಸರಗೋಡಿಗೆ ಬಂದು ಮುಟ್ಟುವಾಗ ಕನ್ನಡ ಮಾತ್ರ ಕಳೆದುಹೋಗಿತ್ತು.

ಮೊದಲ ದಿನ ಅಮ್ಮನೇ ಮಲಯಾಳಕ್ಕೆ ಅನುವಾದ ಮಾಡಿದರು. ಹುಡುಗ 'ಬೇಜಾರು' ಅಂದದ್ದು ಡಾಕ್ಟರ ಚೀಟಿಯಲ್ಲಿ 'ಬೋರ್' ಆಯಿತು. ಸಾಯುವ ಮಾತನ್ನು ಅಮ್ಮ ನುಂಗಿಬಿಟ್ಟರು. ಯಾವ ತಾಯಿ ಅದನ್ನು ತನ್ನ ಬಾಯಿಂದ ಹೇಳಿಯಾಳು? ಮನೆಯವರನ್ನು ದುಭಾಷಿ ಮಾಡಬಾರದು ಅಂತ ಅವತ್ತು ಗೊತ್ತಾಯಿತು. ಎರಡನೇ ಸಲದಿಂದ ನಾನು ಕೂತೆ. ಅವನು ಹೇಳಿದ್ದನ್ನೆಲ್ಲ ಹೇಳುವುದು, ಬಿಡದೆ, ಸೇರಿಸದೆ. ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಆದರೆ ಎಲ್ಲ ತಿಂಗಳೂ ಒಬ್ಬ ರಿಟೈರ್ಡ್ ಟೀಚರ್ ಬಂದು ಕೂತರೆ ಮಾತ್ರ ಸಿಗುವುದು ಹಕ್ಕು ಹೇಗಾಗುತ್ತದೆ?

ನಮ್ಮ ಎರಡು ತಪ್ಪು

ಮೊದಲ ತಪ್ಪು ನನ್ನದು. ಎಲ್ಲರೂ ಒಟ್ಟಿಗೆ ಕೂತು ಮಾತಾಡಿದರೆ ಒಳ್ಳೆಯದು ಅಂತ ಶಾಲೆಯಲ್ಲಿ ಒಂದು ಸಭೆ ಕರೆದೆ. ಏಳು ಮಂದಿ ಬಂದರು. ಹುಡುಗನನ್ನು ಕರೆದಿರಲಿಲ್ಲ. ಅವನ ವಿಷಯ ಅವನಿಲ್ಲದೆ ಒಂದು ಗಂಟೆ ಮಾತಾಡಿದೆವು. ಬಾಗಿಲು ತೆರೆದೇ ಇತ್ತು. ಮರುದಿನ ಕ್ಲಾಸಿನಲ್ಲಿ ಅವನಿಗೆ 'ಬಾಟ್ಲಿ' ಅಂತ ಹೆಸರು ಬಿತ್ತು.

ಹನ್ನೊಂದು ದಿನ ಅವನು ಮನೆ ಬಿಟ್ಟು ಹೊರಡಲಿಲ್ಲ. ನಾನು ಹೋದರೆ ತೋಟಕ್ಕೆ ಹೋಗಿಬಿಡುತ್ತಿದ್ದ. ಐದನೇ ಸಲ ಹೋದಾಗ ಕ್ಷಮೆ ಕೇಳಿದೆ. ಸಮಾಧಾನ ಮಾಡಲು ಹೋಗಲಿಲ್ಲ, ತಪ್ಪು ಮಾಡಿದೆ ಅಂತ ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, "ಅವರಿಗೆಲ್ಲ ಯಾಕೆ ಹೇಳಿದ್ದು ಟೀಚರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

"ಹಾಗಾದರೆ ಯಾರಿಗೆ ಏನು ಗೊತ್ತಿರಬೇಕು, ನೀನೇ ಹೇಳು" ಅಂದೆ. ಕಾಪಿ ಪುಸ್ತಕದ ಹಾಳೆ ಹರಿದು ಅವನೇ ಬರೆದ. ಕ್ಲಾಸ್ ಟೀಚರಿಗೆ ನೀರಿನ ವಿಷಯ ಗೊತ್ತಿರಲಿ, ಸಾಯುವ ಮಾತು ಬೇಡ. ಕೌನ್ಸಿಲರಿಗೆ ಎರಡೂ ಇರಲಿ. ಹೆಡ್ ಮಾಷ್ಟ್ರಿಗೆ 'ಹುಷಾರಿಲ್ಲ' ಅಂತ ಅಷ್ಟೇ. ಅಪ್ಪನಿಗೆ ಎಲ್ಲ ಗೊತ್ತಿರಲಿ, ಮಾವನಿಗೆ ಏನೂ ಬೇಡ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಈ ಪಟ್ಟಿ ಮೀರುತ್ತೇನೆ, ಆಗಲೂ ಮೊದಲು ನಿನಗೆ ಹೇಳುತ್ತೇನೆ ಅಂದೆ. ಒಪ್ಪಿದ. ಇಡೀ ಪ್ರಕರಣ ತಿರುಗಿದ್ದು ಆ ಹಾಳೆಯಿಂದ ಅಂತ ನಾನು ನಂಬುತ್ತೇನೆ. ಅಷ್ಟರ ತನಕ ನಾವು ಆರು ಮಂದಿ ಅವನ ಬಗ್ಗೆ ಕೆಲಸ ಮಾಡುತ್ತಿದ್ದೆವು. ಆ ದಿನದಿಂದ ಅವನೂ ನಮ್ಮ ಜೊತೆ ಸೇರಿದ.

ಎರಡನೆಯದು ಯಾರ ತಪ್ಪು ಅಂತ ಹೇಳುವುದು ಕಷ್ಟ. ಮಂಗಳೂರಿನ ಮಾತ್ರೆ ಇನ್ನೂ ಮುಗಿದಿರಲಿಲ್ಲ. ಇಲ್ಲಿನ ಕ್ಲಿನಿಕ್‌ನಲ್ಲಿಯೂ ಮಾತ್ರೆ ಕೊಟ್ಟರು. ಹೆಸರು ಬೇರೆ, ಬಣ್ಣ ಬೇರೆ, ಔಷಧಿ ಒಂದೇ. ಅಮ್ಮ ಎರಡನ್ನೂ ತಪ್ಪದೆ ಕೊಡುತ್ತಿದ್ದರು. ಒಂಬತ್ತು ದಿನ ಹುಡುಗನಿಗೆ ಚಡಪಡಿಕೆ, ನಿದ್ದೆಯೇ ಇಲ್ಲ. ಆಶಾ ಅಕ್ಕ ಎರಡು ಪಟ್ಟಿ ಮಾತ್ರೆಯ ಫೋಟೊ ತೆಗೆದು ಸಿಸ್ಟರಿಗೆ ಕಳಿಸಿದ್ದರಿಂದ ಗೊತ್ತಾಯಿತು. ಈ ವಯಸ್ಸಿನವರಿಗೆ ಇಂಥ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುತ್ತದಾ ಅಂತ ಹತ್ತಿರದಿಂದ ನೋಡುತ್ತಿರಬೇಕು. ಪ್ರಮಾಣ ಎರಡರಷ್ಟಾದರೆ ಇನ್ನೂ ಜಾಗ್ರತೆ ಬೇಕು. ಅದೇ ದಿನ ಡಾಕ್ಟರಿಗೆ ಫೋನು ಮಾಡಿದೆವು. ಅವರು ಪ್ರಮಾಣ ಸರಿ ಮಾಡಿದರು.

ಆಮೇಲೆ ಒಂದು ನೂರು ಪುಟದ ಪುಸ್ತಕ ಬಂತು. ಯಾವ ಡಾಕ್ಟರು ಏನು ಕೊಟ್ಟರು, ಯಾವಾಗ ಶುರು, ಮುಂದಿನ ದಿನ ಯಾವುದು. ಬಲಗಡೆ ಪುಟದಲ್ಲಿ ಕನ್ನಡ, ಎಡಗಡೆ ಡಾಕ್ಟರೋ ಕೌನ್ಸಿಲರೋ ಬರೆದ ಇಂಗ್ಲಿಷ್ ಅಥವಾ ಮಲಯಾಳ. ಪುಸ್ತಕ ಇರುವುದು ಮನೆಯಲ್ಲಿ, ಹುಡುಗನ ಹತ್ತಿರ. ಎಲ್ಲ ಕಡೆ ಓಡಾಡಿ ಫೋನು ಮಾಡುವ ಕೆಲಸ ಒಬ್ಬರದೇ ಇರಲಿ ಅಂತ ನಿರ್ಧರಿಸಿದೆವು. ಎಲ್ಲರೂ ನನ್ನ ಕಡೆ ನೋಡಿದರು. ಹುಡುಗ ಆಶಾ ಅಕ್ಕನ ಹೆಸರು ಹೇಳಿದ. ಒಳಗೊಳಗೆ ಸ್ವಲ್ಪ ನೋವಾಯಿತು, ನಿಜ. ಆದರೆ ಅವನ ಆಯ್ಕೆಯೇ ಸರಿ. ಅವರು ನಡೆದು ಬರುವಷ್ಟು ದೂರದಲ್ಲಿದ್ದಾರೆ, ತುಳುವಿನವರು, ಮಲಯಾಳ ಓದಿ ಬರೆಯಲು ಬರುತ್ತದೆ.

ನೀರು ಪರೀಕ್ಷೆ ಮಾಡಿಸಬೇಕಾ?

ಇದರ ಬಗ್ಗೆ ನಮ್ಮೊಳಗೇ ಒಮ್ಮತ ಇರಲಿಲ್ಲ. ಗೀಳು ಕಾಯಿಲೆಯಲ್ಲಿ 'ಏನೂ ಆಗುವುದಿಲ್ಲ, ನೀರು ಚೆನ್ನಾಗಿದೆ' ಅಂತ ಮತ್ತೆ ಮತ್ತೆ ಧೈರ್ಯ ಹೇಳುವುದರಿಂದ ರೋಗ ಗಟ್ಟಿಯಾಗುತ್ತದೆ. ಹೇಳಿದಾಗ ಐದು ನಿಮಿಷ ಹಗುರ, ಆಮೇಲೆ ಮತ್ತೆ ಕೇಳಬೇಕು. ಪರೀಕ್ಷೆಯೂ ಹಾಗೇ ಆಗಬಹುದು ಅಂತ ಕೌನ್ಸಿಲರ್ ಹೇಳಿದರು. ಅವರ ಮಾತು ಪುಸ್ತಕದ ಪ್ರಕಾರ ಸರಿ.

ಆದರೆ ಬೇರೆ ಊರಿನಲ್ಲಿ ನೀರಿನಲ್ಲಿ ವಿಷ ಅನ್ನುವ ಹುಡುಗನೂ ಈ ಗುಡ್ಡದ ಕೆಳಗೆ ಹಾಗೆ ಅನ್ನುವ ಹುಡುಗನೂ ಒಂದೇ ಅಲ್ಲ. ಅವನ ಭಯಕ್ಕೆ ಒಂದು ಚರಿತ್ರೆ ಇದೆ. ಅದು ಪಕ್ಕದ ಕೋಣೆಯಲ್ಲೇ ಮಲಗಿದೆ. 'ನಿನ್ನ ಭಯ ಸುಳ್ಳು' ಅಂತ ಅವನಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಡಾಕ್ಟರು ಒಂದು ದಾರಿ ತೋರಿಸಿದರು. ಒಂದೇ ಸಲ ಮಾಡಿಸೋಣ. ಮಾದರಿಯನ್ನು ಹುಡುಗನೇ ತುಂಬಿಸಲಿ. ಏನೇ ಬಂದರೂ ಎರಡನೇ ಸಲ ಇಲ್ಲ ಅಂತ ಮೊದಲೇ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಕೀಟನಾಶಕ ನೋಡುವುದಿಲ್ಲ, ಬೇರೆಯಾಗಿ ಕೇಳಬೇಕು. ಕೇಳಿದೆವು.

ವರದಿಯಲ್ಲಿ ಕೀಟನಾಶಕ ಇರಲಿಲ್ಲ. ರೋಗಾಣು ಇತ್ತು, ಕುದಿಸಿ ಕುಡಿಯಿರಿ ಅಂತ ಇತ್ತು. ಹುಡುಗನ ಮುಖ ಅರಳಲಿಲ್ಲ. "ಎಷ್ಟು ನಿಮಿಷ ಕುದಿಸಬೇಕು?" ಅಂತ ಕೇಳಿದ. ಎರಡು ವಾರ ಗಡಿಯಾರ ಹಿಡಿದು ನೀರು ಕುದಿಸಿದ. ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು, ಆಮೇಲೆ ಮೂವತ್ತೈದು. ಪರೀಕ್ಷೆ ಮಾಡಿಸಿದ್ದು ತಪ್ಪಾಯಿತಾ ಅಂತ ಕೌನ್ಸಿಲರ್ ನನ್ನನ್ನು ಕೇಳಿದರು. ಆಗಲೂ ಈಗಲೂ ನನ್ನ ಅಭಿಪ್ರಾಯ ಒಂದೇ. ಮಾಡಿಸಿದ್ದು ಸರಿ. ಅದರ ನಂತರವೇ ಅವನಿಗೆ ತನ್ನ ಭಯ ಗುಡ್ಡದ್ದು ಎಷ್ಟು, ತನ್ನ ತಲೆಯದ್ದು ಎಷ್ಟು ಅಂತ ಬೇರೆ ಮಾಡಿ ನೋಡಲು ಆದದ್ದು.

ಮುಂದಿನ ಕೆಲಸ ನಿಧಾನದ್ದು. ಭಯ ಬಂದರೂ ಮಾಡುವುದು, ಮಾಡಿದ ಮೇಲೆ ಕೈ ತೊಳೆಯದೆ ಕಾಯುವುದು. ಏಣಿಯ ಮೆಟ್ಟಿಲಿನ ಹಾಗೆ ಅವನೇ ಪಟ್ಟಿ ಮಾಡಿದ. ಮೊದಲು ಮನೆಯ ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಆಮೇಲೆ ಗಂಜಿ. ಆಮೇಲೆ ಒಂದು ಲೋಟ ಚಾ. ಮಂಗಳೂರಿನ ಡಾಕ್ಟರು ತಿಂಗಳಿಗೆ ಎರಡು ಸಲ ವೀಡಿಯೊ ಕಾಲಿನಲ್ಲಿ ತುಳುವಿನಲ್ಲಿ ಮಾತಾಡಲು ಒಪ್ಪಿದರು. ಔಷಧಿ ಮತ್ತು ತಪಾಸಣೆ ಇಲ್ಲಿನ ಕ್ಲಿನಿಕ್‌ನಲ್ಲಿ. ಇಬ್ಬರೂ ಒಂದೇ ಪುಸ್ತಕ ನೋಡುತ್ತಿದ್ದರು. ಮನೆಯವರಿಗೆ ಕಷ್ಟವಾದದ್ದು ಒಂದೇ: ಅವನು 'ನೀರು ಸರಿ ಇದೆಯಲ್ಲಾ ಅಮ್ಮಾ' ಅಂತ ಕೇಳಿದಾಗ ಉತ್ತರ ಕೊಡದೆ ಇರುವುದು. ಅಮ್ಮ ಅಡಿಗೆ ಕೋಣೆಗೆ ಹೋಗಿ ಅಳುತ್ತಿದ್ದರು. ಆಮೇಲೆ ಅವರೇ ಒಂದು ಉತ್ತರ ಕಂಡುಕೊಂಡರು: "ಅದು ನೀನಲ್ಲ ಮಗಾ, ಆ ಭಯ ಕೇಳುವುದು."

ಕ್ರಿಸ್ಮಸ್ ಪರೀಕ್ಷೆ ಬರೆಯಲಿಲ್ಲ. ಜನವರಿ ಕೊನೆಗೆ ಅರ್ಧ ದಿನ ಶಾಲೆಗೆ ಹೋಗಲು ಶುರು ಮಾಡಿದ. ಎಸ್‌ಎಸ್‌ಎಲ್‌ಸಿ ಬರೆದ, ಪಾಸಾದ. ಮಾರ್ಕು ಅವನಿಗೆ ಬೇಕಾದಷ್ಟು ಬರಲಿಲ್ಲ.

ಈಗ

ಪೂರ್ತಿ ಗುಣ ಆಗಿದೆ ಅಂತ ಹೇಳುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ಕೈ ತೊಳೆಯುವುದು ಜಾಸ್ತಿಯಾಗುತ್ತದೆ. ಅಕ್ಕನಿಗೆ ಜ್ವರ ಬಂದರೆ ಅವನಿಗೆ ನಿದ್ದೆ ಇಲ್ಲ. ಅಮ್ಮನಿಗೆ ವಾರದಲ್ಲಿ ಒಂದು ದಿನವಾದರೂ ಯಾರಾದರೂ ಬದಲಿ ಬಂದು ಅಕ್ಕನನ್ನು ನೋಡಿಕೊಳ್ಳಬೇಕು ಅಂತ ಓಡಾಡುತ್ತಿದ್ದೇವೆ, ಅದು ಇನ್ನೂ ಆಗಿಲ್ಲ. ನಮ್ಮ ಪಾಲಿಯೇಟಿವ್ ತಂಡದಲ್ಲಿ ಒಂದು ಬದಲಾವಣೆ ಮಾಡಿಕೊಂಡೆವು. ಮನೆಗೆ ಹೋದರೆ ಕಾಯಿಲೆಯವರ ಅಣ್ಣ ತಮ್ಮ, ಅಕ್ಕ ತಂಗಿಯರ ಹೆಸರನ್ನೂ ಬರೆದುಕೊಳ್ಳುತ್ತೇವೆ. ಅವರ ಹತ್ತಿರವೂ ಐದು ನಿಮಿಷ ಬೇರೆಯಾಗಿ ಕೂರುತ್ತೇವೆ. ಹೀಗೆ ಕೂತಾಗ ಇನ್ನೂ ಮೂರು ಮನೆಯ ಮಕ್ಕಳು ಮಾತಾಡಿದ್ದಾರೆ.

ಕೌನ್ಸಿಲರ್ ತಮ್ಮ ಹಳೆಯ ಪುಟ ತೆರೆದು 'ಸಹಕರಿಸುತ್ತಿಲ್ಲ' ಅನ್ನುವುದನ್ನು ಹೊಡೆದು, 'ಭಾಷೆ ಬೇರೆ' ಅಂತ ಬರೆದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಈಗ ಅವರು ಆಶಾ ಅಕ್ಕನ ಹತ್ತಿರ ವಾರಕ್ಕೆ ಹತ್ತು ತುಳು ಮಾತು ಕಲಿಯುತ್ತಿದ್ದಾರೆ.

ಹುಡುಗ ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ಕ್ಲಾಸಿಗೆ, ಬೇರೆ ಶಾಲೆಗೆ ಸೇರಿದ್ದಾನೆ. ಬಸ್ಸಿನಲ್ಲಿ ಹೋಗಬೇಕು. ಪಾಠ ಇಂಗ್ಲಿಷಿನಲ್ಲಿ, ಹೊಸ ಟೀಚರು, ಹೊಸ ಕೌನ್ಸಿಲರ್. ಹಳೆಯ ಪಟ್ಟಿ ಅಲ್ಲಿಗೆ ನಡೆಯುವುದಿಲ್ಲ, ಹೊಸದು ಬರೆಯಬೇಕು. ಪುಸ್ತಕದ ಆ ಪುಟದಲ್ಲಿ ಇಲ್ಲಿಯ ತನಕ ಒಂದೇ ಹೆಸರಿದೆ, ಅದರ ಮುಂದೆ ಏನೂ ಬರೆದಿಲ್ಲ. ಎರಡನೇ ಗುರುವಾರ ಕ್ಲಿನಿಕ್. ಅಷ್ಟರೊಳಗೆ ಬರೆಯುತ್ತೇನೆ ಅಂದಿದ್ದಾನೆ. ಆಶಾ ಅಕ್ಕನೂ ನಾನೂ ಕೇಳಲು ಹೋಗಿಲ್ಲ.